ಎರಡು ಸಲ ಒತ್ತಬಾರದ ಗುಂಡಿ

ಮೇ 21, ಗುರುವಾರ

ಅಮ್ಮ ಹೋದ ಭಾನುವಾರ ಬಚ್ಚಲಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಆರು ವಾರ ಪ್ಲಾಸ್ಟರು. ಆಸ್ಪತ್ರೆಯಿಂದ ನೇರವಾಗಿ ಅಣ್ಣನ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಲಿಫ್ಟ್ ಇದೆ, ಅತ್ತಿಗೆ ದಿನವಿಡೀ ಮನೆಯಲ್ಲಿರುತ್ತಾರೆ. ನಾನು ಬೆಳಿಗ್ಗೆ ಹೋದರೆ ಅಂಗಡಿ ಮುಚ್ಚುವವರೆಗೆ ಅಂಗಡಿಯಲ್ಲೇ. ಹಾಗಾಗಿ ಯಾರೂ ನನ್ನನ್ನು ಕೇಳಲಿಲ್ಲ.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ಅಣ್ಣ ಫೋನ್ ಮಾಡಿದ್ದ. "ನೋಡು, ಅಮ್ಮ ಇನ್ಮೇಲೆ ಇಲ್ಲೇ ಇರಲಿ. ಕೈ ಪೂರ್ತಿ ಮೊದಲಿನ ಹಾಗೆ ಆಗಲ್ಲ ಅಂದಿದ್ದಾರೆ ಡಾಕ್ಟರು. ನೀವಿದ್ದ ಬಾಡಿಗೆ ಮನೆ ಕರಾರು ಜುಲೈಗೆ ಮುಗಿಯುತ್ತಲ್ಲ, ಬಿಟ್ಟುಬಿಡೋಣ. ನಿನಗೆ ಅಂಗಡಿ ಹತ್ತಿರಾನೇ ಒಂದು ರೂಮು ನೋಡಿದ್ರಾಯ್ತು."

"ಅಮ್ಮ ಏನಂತಾಳೆ?"

"ಅಮ್ಮ ಏನಂತಾಳೆ ಬಿಡು. ಅವಳು ವಾಪಸ್ ಬಂದ್ರೆ ನೀನು ಅಡುಗೆ ಮಾಡಿ ಹಾಕ್ತೀಯಾ?" ಎಂದು ಅಣ್ಣ ಜೋರಾಗಿ ನಕ್ಕ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ನನಗೆ ಅಡುಗೆ ಬರುವುದಿಲ್ಲ. ಅನ್ನ ಮಾಡುವುದಕ್ಕೂ ಬರುವುದಿಲ್ಲ. ಅಪ್ಪ ತೀರಿಕೊಂಡ ವರ್ಷದಿಂದ ಈ ಮನೆಯಲ್ಲಿ ನಾನು ದುಡಿಯುವವಳು, ಅಮ್ಮ ಬೇಯಿಸುವವಳು. ಅಡುಗೆಮನೆ ಬಾಗಿಲಿಗೆ ಹೋಗಿ ನಿಂತರೆ, "ದುಡಿದು ಬಂದಿದ್ದೀಯ, ಹೋಗಿ ಕೂತ್ಕೋ. ಇಲ್ಲಿ ಕಾಲಿಗೆ ತೊಡರಬೇಡ" ಅನ್ನುತ್ತಿದ್ದಳು. ಕೂತುಕೊಂಡೆ. ಈಗ ನನಗೆ ನಲವತ್ತೊಂಬತ್ತು.

ನಗುವಂಥ ಮಾತು ಏನೆಂದರೆ, ಅಂಗಡಿಯ ಅಡುಗೆ ಸಾಮಾನಿನ ವಿಭಾಗಕ್ಕೆ ನಾನೇ ಹಿರಿಯಳು. ರೈಸ್ ಕುಕ್ಕರ್ ಮಾರುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬವಲ್ಲ, ಗೋಡೆಯ ಮೇಲೆ ಫಲಕವಿದೆ. ಗಿರಾಕಿ ಬಂದ ಕೂಡಲೇ ನನ್ನ ಮೊದಲ ಪ್ರಶ್ನೆ, "ಮನೆಯಲ್ಲಿ ಎಷ್ಟು ಜನ?" ಆಮೇಲೆ ಕುಕ್ಕರ್ ಹಚ್ಚಿ ತೋರಿಸುತ್ತೇನೆ. ಅಕ್ಕಿ ಕಂಪನಿಯವರೇ ಅಳೆದು ಕಟ್ಟಿದ ಪೊಟ್ಟಣ, ನೀರು ಅಳೆದಿಟ್ಟ ಬಾಟಲಿ. ಸುರಿಯುತ್ತೇನೆ, ಮುಚ್ಚುತ್ತೇನೆ, ಗುಂಡಿ ಒತ್ತುತ್ತೇನೆ. "ಟಕ್ ಅಂತ ಗುಂಡಿ ಮೇಲೆ ಬಂದ್ರೆ ಅನ್ನ ಆಯ್ತು ಅಂತ ಅರ್ಥ. ಮತ್ತೆ ಒತ್ತಬಾರದು. ಎರಡು ಸಲ ಒತ್ತಿದ್ರೆ ತಳ ಹಿಡಿಯುತ್ತೆ." ಈ ಮಾತನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ. ಆ ಅನ್ನವನ್ನು ಮಾತ್ರ ಒಂದು ದಿನವೂ ತಿಂದಿಲ್ಲ. ಅದು ಬಾಗಿಲಲ್ಲಿ ನಿಲ್ಲುವ ಸೆಕ್ಯೂರಿಟಿಯವರಿಗೆ. ನನ್ನ ಡಬ್ಬಿಯಲ್ಲಿ ಅಮ್ಮನ ಅನ್ನ ಇರುತ್ತಿತ್ತು.

ಅಮ್ಮನಿಗೆ ಕರೆಂಟಿನ ಕುಕ್ಕರ್ ಕಂಡರಾಗದು. "ಅದಕ್ಕೆ ಕಿವಿ ಇದೆಯಾ, ಮೂಗಿದೆಯಾ? ಅನ್ನ ಆಗಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?" ಎಂದು ನನ್ನ ಕಸುಬನ್ನೇ ಪಕ್ಕಕ್ಕೆ ತಳ್ಳುತ್ತಿದ್ದಳು. ಊರಿಗೆಲ್ಲ ಕುಕ್ಕರ್ ಮಾರಿದವಳ ಮನೆಯಲ್ಲಿ ಒಂದೂ ಕುಕ್ಕರ್ ಇಲ್ಲ.

ಮೇ 23, ಶನಿವಾರ

ಕೊಂಡುಕೊಂಡೆ.

ಗಿರಾಕಿಗಳಿಗೆ ಹೇಳುವುದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ದೊಡ್ಡದು ಬೇಡ. ಅಗಲ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಹಾಕಿದರೆ ಅದು ತೆಳ್ಳಗೆ ಹರಡಿ, ಮೇಲೆ ಬೇಯುವ ಮೊದಲೇ ಕೆಳಗೆ ಒಣಗುತ್ತದೆ. ಒಳಪಾತ್ರೆ ಬೆರಳಲ್ಲಿ ತಟ್ಟಿದರೆ ದಪ್ಪ ದನಿ ಬರಬೇಕು. ಮುಚ್ಚಳ ಗಾಜಿನದಾದರೆ ಒಳಗಿನದು ಕಾಣುತ್ತದೆ. ವಯರು ಕಳಚಿಡಲು ಬರುವಂತಿದ್ದರೆ ತೊಳೆಯುವುದು ಸುಲಭ.

ಕೊನೆಗೆ ಎರಡು ಉಳಿದವು. ಒಂದು ಒಬ್ಬರಿಗೆ, ಆಟದ ಸಾಮಾನಿನಷ್ಟು ಚಿಕ್ಕದು. ಇನ್ನೊಂದರ ಡಬ್ಬಿಯ ಮೇಲೆ "ಒಬ್ಬರಿಂದ ಇಬ್ಬರಿಗೆ" ಎಂದಿತ್ತು. ನನ್ನಂಥ ಗಿರಾಕಿ ಬಂದಿದ್ದರೆ ನಾನೇ ಚಿಕ್ಕದನ್ನು ಕೈಗಿಟ್ಟು ಕಳಿಸುತ್ತಿದ್ದೆ. ಅದನ್ನೇ ಎತ್ತಿಕೊಂಡು ಬಿಲ್ಲಿನ ಕಡೆ ಹೊರಟೆ. ಅರ್ಧಕ್ಕೆ ವಾಪಸ್ ಬಂದು ಇಟ್ಟು, ಇಬ್ಬರದನ್ನು ಎತ್ತಿಕೊಂಡೆ.

ಕ್ಯಾಷ್ ಕೌಂಟರಿನಲ್ಲಿ ಕೂರುವವಳಿಗೆ ಅಂಗಡಿಯವರೆಲ್ಲ ರೇಡಿಯೋ ಎನ್ನುತ್ತೇವೆ. ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಗೋದಾಮಿನವರಿಗೂ ಗೊತ್ತಿರುತ್ತದೆ.

"ಯಾರಿಗಕ್ಕಾ? ನಿಮ್ಮನೆಗಾ?"

"ನಮ್ಮನೆಗ್ಯಾಕೆ? ಗಿಫ್ಟು. ಹೊಸದಾಗಿ ಮದುವೆಯಾದವರಿಗೆ."

"ಹೌದಾ! ಯಾರು ಯಾರು?"

"ದೂರದವರು. ನಿನಗೆ ಗೊತ್ತಿಲ್ಲ."

ಕೆಂಪು ಕಾಗದ ಸುತ್ತಿ, ಮೇಲೊಂದು ರಿಬ್ಬನ್ ಹೂವು ಕಟ್ಟಿ ಕೊಟ್ಟಳು. ಬಸ್ಸಿನಲ್ಲಿ ಪಕ್ಕದವರು "ಮದುವೆ ಮನೆಗಾ?" ಎಂದು ಕೇಳಿದರು. ಹೌದೆಂದೆ. ಹತ್ತಿಸಿಕೊಂಡ ಸುಳ್ಳನ್ನು ನಡುದಾರಿಯಲ್ಲಿ ಇಳಿಸುವುದು ಹೇಗೆ?

ಮೇ 24, ಭಾನುವಾರ

ಕೆಂಪು ಕಾಗದ ಹರಿಯಲು ಮನಸ್ಸಾಗದೆ ಅಂಟು ಬಿಡಿಸಿ ಮಡಿಚಿಟ್ಟೆ. ಡಬ್ಬಿ ತೆರೆಯುವುದು ಕೈಗೆ ರೂಢಿಯಾದ ಕೆಲಸ. ಮುಚ್ಚಳ, ಪಾತ್ರೆ, ಸೌಟು, ವಯರು ಎಲ್ಲ ಸಾಲಾಗಿ ಇಟ್ಟೆ. ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಕಪ್ಪು. ಅಂಗಡಿಯ ಕೌಂಟರಿನಲ್ಲಿ ಇರುವ ಹಾಗೆ ಅದರಲ್ಲಿ ನನ್ನ ಪೆನ್ನುಗಳನ್ನು ನಿಲ್ಲಿಸಿ ಮೇಜಿನ ಮೇಲಿಟ್ಟೆ. ಅಚ್ಚುಕಟ್ಟಾಗಿದೆ. ಈ ಪೆನ್ನೂ ಅದರಿಂದಲೇ ತೆಗೆದದ್ದು.

ಮಾಹಿತಿ ಪುಸ್ತಕ ಓದಲಿಲ್ಲ. ನಾನು ಓದುವುದೆಂದರೇನು!

ಅಮ್ಮನ ಸ್ಟೀಲ್ ಲೋಟದಲ್ಲಿ ಒಂದು ಲೋಟ ಅಕ್ಕಿ. ಪಾತ್ರೆಯ ಒಳಗೆ ಒಂದು ಎಂದು ಬರೆದಿರುವ ಗೆರೆಯವರೆಗೆ ನೀರು. ಗುಂಡಿ. ಗಿರಾಕಿಗಳಿಗೆ ಹೇಳುವ ಹಾಗೆ ಮೇಲೆ ಏನೂ ಅಡ್ಡವಿಲ್ಲದ ಕಡೆ ಇಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಟಕ್ ಎಂದಿತು. ಹೇಳಿದ ಹಾಗೆಯೇ ಹತ್ತು ನಿಮಿಷ ಮುಚ್ಚಳ ತೆಗೆಯದೆ ಕಾದೆ.

ಅನ್ನ ಹಲ್ಲಿಗೆ ಸಿಕ್ಕಿ ಕಟಕಟ ಎಂದಿತು. ಮೊಸರು ಕಲಸಿ ನುಂಗಿದೆ.

ಮೇ 25, ಸೋಮವಾರ

ನೀರು ಹೆಚ್ಚು ಹಾಕಿದೆ. ಗಂಜಿ.

ಮೇ 28, ಗುರುವಾರ

ವಾರದ ರಜೆ. ಹೇಳದೆ ಕೇಳದೆ ಅತ್ತಿಗೆ ಬಂದರು. ಅಮ್ಮನ ಸ್ವೆಟರು, ಓದುವ ಕನ್ನಡಕ ಬೇಕಿತ್ತಂತೆ. ನಾನು ಕಪಾಟಿನಲ್ಲಿ ಹುಡುಕುತ್ತಿದ್ದಾಗ ಅವರು ಅಡುಗೆಮನೆಗೆ ಹೋದದ್ದು ಗೊತ್ತಾಗಲಿಲ್ಲ. ಮುಚ್ಚಳ ತೆಗೆದ ಸದ್ದು ಕೇಳಿತು.

"ಇದೇನೇ ಇದು? ಗೋಡೆಗೆ ಪೋಸ್ಟರ್ ಅಂಟಿಸೋಕೆ ಕಾಯಿಸಿದ್ದಾ?"

"ಅನ್ನ, ಅತ್ತಿಗೆ."

"ಅನ್ನಾನಾ? ಅದಕ್ಕೆ ಗೊತ್ತಾ, ತಾನು ಅನ್ನ ಅಂತ?"

ನಾನು ಸ್ವೆಟರು ಮಡಿಚಿದೆ. ಮಡಿಚಿದ್ದನ್ನೇ ಮತ್ತೆ ಮಡಿಚಿದೆ. ಅತ್ತಿಗೆ ಒಳಪಾತ್ರೆಗೆ ನೀರು ತುಂಬಿ ನೆನೆಯಲು ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು. ದನಿ ಸ್ವಲ್ಪ ಇಳಿದಿತ್ತು.

"ನಾನೇನೂ ನಿನ್ನ ಅಮ್ಮನ್ನ ಕಿತ್ಕೊಂಡು ಕೂತಿಲ್ಲ ಕಣೆ. ನನಗೂ ಬೆನ್ನು ನೋವಿದೆ. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಹಾಕೋರು ಬೇಕಲ್ಲ ಅವರಿಗೆ? ಒಂದೇ ಒಂದು ಸಲ ಬಾಯಿಗಿಡೋ ಹಾಗೆ ಅನ್ನ ಮಾಡಿ ತಂದು ಅವರಿಗೆ ಬಡಿಸು. ಆಮೇಲೆ ಈ ಮನೆ ಬಿಡೋ ಮಾತು ನಾನು ಎತ್ತಲ್ಲ, ನಿಮ್ಮಣ್ಣ ಎತ್ತಿದ್ರೂ ಬಿಡಲ್ಲ."

"ಆಯ್ತು" ಎಂದೆ.

"ಏನು ಆಯ್ತು? ಇದನ್ನಂತೂ ತರಬೇಡ ಮಹಾತಾಯಿ."

ಅವರು ಹೋದ ಮೇಲೆ ನೋಡಿದರೆ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟು ಹೋಗಿದ್ದರು. ಬಿಸಿಯಿತ್ತು. ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದು ಇನ್ನೂ ಬೇಸರ.

ಜೂನ್ 3, ಬುಧವಾರ

ಗಟ್ಟಿ, ಮೆತ್ತಗೆ, ಗಟ್ಟಿ, ಮೆತ್ತಗೆ. ಒಂದು ವಾರ ಹೀಗೇ ತೂಗಾಡಿದೆ. ನೀರಿನದೇ ತಪ್ಪೆಂದು ನೀರನ್ನೇ ಹಿಂದೆ ಮುಂದೆ ಮಾಡುತ್ತಿದ್ದೆ. ಇವತ್ತು ಮಧ್ಯಾಹ್ನ ಬೀದಿ ಕೊನೆಯ ಗಡಿಯಾರ ರಿಪೇರಿಯ ಅಜ್ಜ ಅಂಗಡಿಗೆ ಬಂದರು. ಒಂಟಿ ಮನುಷ್ಯ. ಎರಡು ತಿಂಗಳ ಹಿಂದೆ ಒಬ್ಬರಿಗಾಗುವ ಕುಕ್ಕರನ್ನು ಅವರಿಗೆ ಮಾರಿದವಳು ನಾನೇ. ಬಂದವರೇ ಕೌಂಟರ್ ತಟ್ಟಿದರು.

"ಏನಮ್ಮಾ, ನಿನ್ನ ಗೆರೆ ಸುಳ್ಳು ಹೇಳುತ್ತೆ! ಒಂದರ ಗೆರೆಗೆ ಸರಿಯಾಗಿ ನೀರು ಹಾಕ್ತೀನಿ, ಅನ್ನ ಹರಳು ಹರಳು. ನನ್ನ ಗಡಿಯಾರ ಯಾವತ್ತಾದ್ರೂ ಹೀಗೆ ಮಾಡಿದ್ದುಂಟಾ?"

ಇಂಥ ದೂರಿಗೆ ನನ್ನ ಬಾಯಲ್ಲಿ ಉತ್ತರ ತಯಾರಿರುತ್ತದೆ. "ಅಜ್ಜ, ಅಕ್ಕೀನ ಅದರ ಜೊತೆ ಬಂದ ಕಪ್ಪಿನಲ್ಲೇ ಅಳೀತೀರಾ?"

"ಯಾವ ಕಪ್ಪು?"

"ಡಬ್ಬಿ ಒಳಗೆ ಇತ್ತಲ್ಲ, ಪುಟ್ಟ ಪ್ಲಾಸ್ಟಿಕ್ ಕಪ್ಪು."

"ಓ, ಅದಾ! ಅದರಲ್ಲಿ ಹಲ್ಲಿನ ಸೆಟ್ಟು ಇಡ್ತೀನಿ. ಅಳತೆ ಮಾಡಿಸಿದ ಹಾಗೆ ಕೂರುತ್ತೆ."

"ಅಯ್ಯೋ ಅಜ್ಜ, ಆ ಕಪ್ಪಿಗೂ ಈ ಗೆರೆಗೂ ಜೋಡಿ. ಆ ಕಪ್ಪು ಮನೆಯ ಲೋಟಕ್ಕಿಂತ ಚಿಕ್ಕದು. ಅಕ್ಕೀನ ದೊಡ್ಡ ಲೋಟದಲ್ಲಿ ಅಳೆದು, ನೀರು ಮಾತ್ರ ಗೆರೆ ನೋಡಿ ಹಾಕಿದ್ರೆ…"

ಅಲ್ಲಿಗೆ ನನ್ನ ಮಾತು ನಿಂತುಹೋಯಿತು.

"ಯಾಕಮ್ಮಾ, ಬಾಯಿ ತೆರೆದುಕೊಂಡೇ ನಿಂತೆ?"

"ಏನಿಲ್ಲ ಅಜ್ಜ. ನನ್ನ ಪೆನ್ನುಗಳ ನೆನಪಾಯ್ತು."

ಕೌಂಟರಿನ ಮೇಲಿದ್ದ ಅಂಥದೇ ಕಪ್ಪಿನಿಂದ ಪೆನ್ನುಗಳನ್ನು ಸುರಿದು, ತೊಳೆದು, "ಹಲ್ಲಿಗೆ ಅದೇ ಇರಲಿ, ಅಕ್ಕಿಗೆ ಇದು" ಎಂದು ಅಜ್ಜನ ಕೈಗೆ ಕೊಟ್ಟೆ. ಖುಷಿಯಾಗಿ ಹೋದರು. ರೇಡಿಯೋ ಸಂಜೆಯವರೆಗೂ "ಅಕ್ಕಾ, ಪೆನ್ನುಗಳೆಲ್ಲ ಯಾಕೆ ಮಲಗಿವೆ?" ಎಂದು ಕೇಳುತ್ತಲೇ ಇದ್ದಳು.

ಎಷ್ಟು ಜನರಿಗೆ ಆ ಮಾತು ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ಒಂದು ಸಲವೂ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

ಜೂನ್ 4, ಗುರುವಾರ

ಅನ್ನ ಆಯಿತು.

ಹೇಗೆ ಆಯಿತು ಎಂದು ಬರೆಯುತ್ತೇನೆ. ಒಂದು ಕಪ್ಪು ಅಕ್ಕಿ, ನೀರು ತಿಳಿಯಾಗುವವರೆಗೆ ತೊಳೆದದ್ದು. ಪಾತ್ರೆಯ ಹೊರ ತಳ ಬಟ್ಟೆಯಿಂದ ಒರೆಸಿದ್ದು. ನೀರು ಗೆರೆಯವರೆಗೆ, ಒಂದು ಕೂದಲೂ ಹೆಚ್ಚಿಲ್ಲ. ಮುಚ್ಚಳ ತೆಗೆದಾಗ ಅನ್ನದ ಮೇಲೆ ಅಲ್ಲಲ್ಲಿ ಸಣ್ಣ ತೂತುಗಳು, ಜೇನುಗೂಡಿನ ಹಾಗೆ. ಸೌಟಿನಿಂದ ಕೆದಕಿದರೆ ಒಂದೊಂದು ಅಗುಳೂ ತನ್ನ ಪಾಡಿಗೆ ತಾನು ನಿಂತಿತು.

ಏನೂ ಕಲಸದೆ, ಬರೀ ಅನ್ನ ತಿಂದೆ. ನಿಂತುಕೊಂಡೇ. ಪೆನ್ನುಗಳು ಈಗ ಹಳೆಯ ಟೀ ಲೋಟದಲ್ಲಿವೆ.

ಜೂನ್ 9, ಮಂಗಳವಾರ

ಐದು ದಿನದಿಂದ ಒಂದು ಸಲವೂ ಕೆಟ್ಟಿಲ್ಲ. ಎರಡು ಕಪ್ಪೂ ಮಾಡಿ ನೋಡಿದೆ. ಚಿಕ್ಕ ಕುಕ್ಕರಿನಲ್ಲಿ ಎರಡು ಕಪ್ಪು ಹಾಕಿದರೆ ತೂತಿನಿಂದ ನೊರೆ ಉಗುಳುತ್ತದೆ. ಇನ್ನೂ ಒಂದು ಸಲ ತೊಳೆದು, ಮುಚ್ಚುವ ಮೊದಲು ಒಂದು ಹನಿ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ. ಇದು ಮಾಹಿತಿ ಪುಸ್ತಕದಲ್ಲಿಲ್ಲ, ಈಗ ಅದನ್ನೂ ಓದಿದ್ದೇನೆ. ಒಬ್ಬಳೇ ಇರುವಾಗ ಎರಡು ಕಪ್ಪು ಯಾಕೆ ಮಾಡಿದೆ ಎಂದು ಕೇಳುವವರಿಲ್ಲ. ಉಳಿದದ್ದನ್ನು ಸೆಕ್ಯೂರಿಟಿಯವರಿಗೆ ಒಯ್ದೆ. "ಇವತ್ತಿನ ಕಂಪನಿ ಅಕ್ಕಿ ಚೆನ್ನಾಗಿದೆ ಮೇಡಂ" ಎಂದರು. ಹೌದೆಂದೆ.

"ಆ ಹೊಸ ಜೋಡಿಗೆ ಕುಕ್ಕರ್ ಇಷ್ಟ ಆಯ್ತಾ ಅಕ್ಕಾ?" ಎಂದು ರೇಡಿಯೋ ಕೇಳಿದಳು.

"ಮೊದಲು ಸ್ವಲ್ಪ ಕಷ್ಟ ಆಯ್ತಂತೆ. ಈಗ ಚೆನ್ನಾಗಿ ಹೊಂದಿಕೊಂಡಿದ್ದಾರೆ."

"ಹುಡುಗಿ ಮಾಡ್ತಾಳಾ, ಹುಡುಗ ಮಾಡ್ತಾನಾ?"

"ಹುಡುಗಿ. ತುಂಬ ಚುರುಕು." ಹೇಳಿದ ಮೇಲೆ ಕಿವಿ ಬಿಸಿಯಾಯಿತು.

ಕುಕ್ಕರುಗಳೂ ಚೆನ್ನಾಗಿ ಹೋಗುತ್ತಿವೆ. ಈಗೀಗ ಗಿರಾಕಿಗಳಿಗೆ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ: ನಿಮ್ಮ ಮನೆಯವರಿಗೆ ಅನ್ನ ಉದುರಾಗಿರಬೇಕಾ, ಮೆತ್ತಗಿರಬೇಕಾ? ಅದಕ್ಕೆ ಅವರು ನಿಂತು ಉತ್ತರಿಸುತ್ತಾರೆ. ಅಪ್ಪನಿಗೆ ಹೀಗೆ, ಅತ್ತೆಗೆ ಹಾಗೆ ಎಂದು ಹೇಳುತ್ತಾ ಹೋಗುತ್ತಾರೆ. ಹೊತ್ತಾಗುತ್ತದೆ, ಆದರೂ ಕೇಳುತ್ತೇನೆ.

ಜೂನ್ 14, ಭಾನುವಾರ

ಇವತ್ತು ರಜೆ ಹಾಕಿದೆ. ಅನ್ನವನ್ನು ಡಬ್ಬಿಗೆ ತುಂಬಿ, ಡಬ್ಬಿಗೆ ಟವೆಲ್ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಅಣ್ಣನ ಮನೆಗೆ ಹೋದೆ.

ಅಮ್ಮ ಸೋಫಾದಲ್ಲಿ ಕೂತಿದ್ದಳು, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಮಲಗಿಸಿಕೊಂಡು. ಎಡಗೈಯಲ್ಲಿ ಚಮಚ ಹಿಡಿಯುವುದನ್ನು ಕಲಿತಿದ್ದಾಳೆ. ನಾನೇ ಬಡಿಸಿದೆ. ಅತ್ತಿಗೆ ಮೊದಲು ತಮ್ಮ ಬೆರಳಲ್ಲಿ ನಾಲ್ಕು ಅಗುಳು ಎತ್ತಿ ಬಾಯಿಗೆ ಹಾಕಿಕೊಂಡರು. ನನ್ನ ಮುಖ ನೋಡಿದರು. ಇನ್ನೂ ನಾಲ್ಕು ಅಗುಳು ಹಾಕಿಕೊಂಡರು.

"ನಿಜ ಹೇಳು. ಹೋಟೆಲಿಂದ ತಂದೆ ತಾನೇ?"

"ಇದರಲ್ಲಿ ಪೋಸ್ಟರ್ ಅಂಟಲ್ಲ ಅತ್ತಿಗೆ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆಯೂ ನಕ್ಕರು. "ಸರಿ ಮಾರಾಯ್ತಿ, ನನ್ನ ಮಾತು ನಾನು ಉಳಿಸಿಕೊಳ್ತೀನಿ. ಅತ್ತೇ, ನಿಮ್ಮ ಮಗಳು ಗೆದ್ದಳು. ನೀವು ಹೇಳಿ."

ಎಲ್ಲರೂ ಅಮ್ಮನ ಕಡೆ ನೋಡಿದೆವು. ಅಮ್ಮ ನಿಧಾನವಾಗಿ ಅಗಿದು, ನುಂಗಿ, "ಚೆನ್ನಾಗಿದೆ" ಎಂದಳು.

ಆ ದನಿ ನನಗೆ ಗೊತ್ತು. ಆಸ್ಪತ್ರೆಯ ಬ್ರೆಡ್ಡಿಗೂ ಇದೇ ದನಿಯಲ್ಲಿ ಚೆನ್ನಾಗಿದೆ ಎಂದಿದ್ದಳು.

"ಹಾಗಾದ್ರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಅಲ್ಲಿಗೆ ಹೋಗ್ತೀಯಾ?" ಎಂದು ಅಣ್ಣ ಕೇಳಿದ.

"ನನಗೇನಪ್ಪಾ, ಎಲ್ಲಿದ್ರೂ ಒಂದೇ."

ಅಣ್ಣ ನನ್ನ ಕಡೆ ನೋಡಿ ಭುಜ ಹಾರಿಸಿದ. ನಾನು ಡಬ್ಬಿ ತೊಳೆಯಲು ಎದ್ದೆ.

ಆಮೇಲೆ ಬಾಲ್ಕನಿಯಲ್ಲಿ ಅಮ್ಮನ ತಲೆ ಬಾಚುವಾಗ ಕೇಳಿದೆ. "ಎಲ್ಲಿದ್ರೂ ಒಂದೇನಾ?"

"ಮತ್ತೇನು ಹೇಳ್ಲಿ? ಇಲ್ಲಿ ವಿಶಲ್ ಕುಕ್ಕರ್ ಅನ್ನ, ಅಲ್ಲಿ ನಿನ್ನ ಕರೆಂಟ್ ಡಬ್ಬಿ ಅನ್ನ. ಎರಡೂ ಮೇಲಿಂದ ಕೆಳಗಿನವರೆಗೂ ಒಂದೇ ಥರ. ತಳವೇ ಇಲ್ಲ."

"ತಳ ಅಂದ್ರೆ?"

"ತಳ ಕಣೆ. ಹಕ್ಕಳೆ. ಪಾತ್ರೆ ತಳ ಹಿಡಿದು ಕೆಂಪಗಾಗಿರುತ್ತಲ್ಲ."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ನೆನಪಿರುವಾಗಿನಿಂದಲೂ ಅಮ್ಮ ನನ್ನ ತಟ್ಟೆಗೆ ಮೇಲಿನ ಬಿಳಿ ಅನ್ನ ಬಡಿಸಿ, ತಾನು ಕೊನೆಗೆ ಅಡುಗೆಮನೆಯಲ್ಲೇ ಕೂತು ತಳದ ಕೆಂಪು ಹಕ್ಕಳೆಯನ್ನು ಕೆರೆದು ತಿನ್ನುತ್ತಿದ್ದಳು.

"ನನಗೆ ಒಳ್ಳೇದು ಹಾಕಿ ನೀನು ಸೀದದ್ದು ತಿಂತೀಯ ಅಂತ ನಾನು ಎಷ್ಟು ಕೊರಗಿದ್ದೀನಿ ಗೊತ್ತಾ?"

"ಕೊರಗಿದ್ದೀಯಾ? ಅಯ್ಯೋ ಹುಚ್ಚಿ!" ಅಮ್ಮ ತಿರುಗಿ ನನ್ನನ್ನೇ ನೋಡಿದಳು. "ಅದೇ ಕಣೆ ಅನ್ನದಲ್ಲಿರೋ ರುಚಿ. ನಿನ್ನನ್ನ ಯಾಕೆ ಅಡುಗೆಮನೆಗೆ ಸೇರಿಸ್ತಿರಲಿಲ್ಲ ಅಂದ್ಕೊಂಡೆ? ಬಂದ್ರೆ ಪಾಲು ಕೇಳ್ತಿದ್ದೆ!"

ಪ್ಲಾಸ್ಟರು ಅಲುಗಾಡುವಷ್ಟು ನಕ್ಕಳು. ಬಿದ್ದ ದಿನದಿಂದ ಅವಳು ಹಾಗೆ ನಕ್ಕದ್ದು ನೋಡಿರಲಿಲ್ಲ.

ಜೂನ್ 17, ಬುಧವಾರ

ಈ ಕುಕ್ಕರ್ ತಯಾರಿಸಿದವರ ಹೆಮ್ಮೆಯೇ ತಳ ಹಿಡಿಯುವುದಿಲ್ಲ ಎನ್ನುವುದು. ನಾನು ಅದನ್ನೇ ಮಾರಿ ಫಲಕ ಗಳಿಸಿದವಳು.

ಟಕ್ ಎಂದ ಕೂಡಲೇ ಮತ್ತೆ ಒತ್ತಿದೆ. ನಿಲ್ಲುವುದಿಲ್ಲ. ಒತ್ತಿದ ಹಾಗೇ ಮೇಲೆ ಬರುತ್ತದೆ, ಮುಖ ತಿರುಗಿಸಿಕೊಂಡ ಹಾಗೆ. ಗುಂಡಿಗೆ ಟೇಪು ಅಂಟಿಸಿ ಕೂರಿಸುವವರಿದ್ದಾರೆ, ಗಿರಾಕಿಗಳ ಬಾಯಲ್ಲಿ ಕೇಳಿದ್ದೇನೆ. ಅದು ಅಪಾಯ. ಅದಕ್ಕಿಂತ ಹೆಚ್ಚಾಗಿ, ಅದು ಸೋಲು.

ಜೂನ್ 19, ಶುಕ್ರವಾರ

ಪಾತ್ರೆಯ ಕೆಳಗಿನ ತಟ್ಟೆ ಸ್ವಲ್ಪ ಆರಬೇಕು. ಆರಿದ ಮೇಲೆ ಒತ್ತಿದರೆ ಗುಂಡಿ ನಿಲ್ಲುತ್ತದೆ. ಇವತ್ತು ನಿಂತಿತು. ತಳ ಬರೀ ಹಳದಿಗಟ್ಟಿತು, ಗಟ್ಟಿಯಾಗಲಿಲ್ಲ. ಕಿವಿ ಹತ್ತಿರ ಇಟ್ಟು ಕೇಳಿದೆ. ಒಳಗೆ ಚಿಟಿಚಿಟಿ ಸದ್ದು. ಆ ಸದ್ದು ನಿಲ್ಲುವಾಗ ಒಂದು ವಾಸನೆ ಏಳುತ್ತದೆ, ಅಮ್ಮನ ಅಡುಗೆಮನೆಯ ವಾಸನೆ. ಕುಕ್ಕರಿಗೆ ಕಿವಿ ಮೂಗು ಇಲ್ಲದಿದ್ದರೇನಂತೆ, ನನಗಿದೆಯಲ್ಲ.

ಜೂನ್ 22, ಸೋಮವಾರ

ಬಂತು!

ತೊಳೆದ ಅಕ್ಕಿ, ತಳಕ್ಕೆ ಒಂದು ಚಮಚ ಎಣ್ಣೆ. ಟಕ್ ಎಂದ ಮೇಲೆ ಪಾತ್ರೆ ಆರುವವರೆಗೆ ತಾಳ್ಮೆ. ಮತ್ತೆ ಒತ್ತಿದೆ. ಚಿಟಿಚಿಟಿ ನಿಂತು ವಾಸನೆ ಏಳುತ್ತಿದ್ದ ಹಾಗೆ ಪ್ಲಗ್ಗು ಕಿತ್ತೆ. ಅನ್ನ ತೆಗೆದು ಪಾತ್ರೆಯನ್ನು ತಟ್ಟೆಯ ಮೇಲೆ ಮಗುಚಿ ತಟ್ಟಿದೆ. ಹಕ್ಕಳೆ ಒಂದೇ ತುಂಡಾಗಿ, ದುಂಡಗೆ, ಟಣ್ಣೆಂದು ಬಿತ್ತು. ಅಂಚಿನಲ್ಲಿ ಕಂದು, ನಡುವೆ ಚಿನ್ನದ ಬಣ್ಣ, ಎಲ್ಲೂ ಕಪ್ಪಿಲ್ಲ. ದೀಪಕ್ಕೆ ಹಿಡಿದು ನೋಡಿದೆ. ಗೋಡೆಯ ಮೇಲಿನ ಫಲಕ ಇದರ ಮುಂದೆ ಏನೂ ಅಲ್ಲ.

ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಇಷ್ಟು ವರ್ಷ ನನ್ನಿಂದ ಏನನ್ನು ಬಚ್ಚಿಟ್ಟಿದ್ದಳು ಎಂದು ಆಗ ಗೊತ್ತಾಯಿತು. ಕೋಪ ಬರಬೇಕಿತ್ತು. ಇನ್ನೊಂದು ಚೂರು ಮುರಿದೆ.

ಜೂನ್ 29, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದೆ. ಅಮ್ಮನ ಕೈ ಸಣ್ಣಗಾಗಿ, ಬೇರೆ ಯಾರದೋ ಕೈಯಂತಾಗಿತ್ತು. ಬೆರಳು ಪೂರ್ತಿ ಮಡಿಚಲು ಬರುತ್ತಿಲ್ಲ. ವ್ಯಾಯಾಮ ಹೇಳಿಕೊಡುವಾಕೆ ಒಂದು ಸ್ಪಂಜಿನ ಚೆಂಡು ಕೊಟ್ಟು, "ಸುಮ್ಮನೆ ಕೂರಬೇಡಿ ಅಮ್ಮಾ. ಹಿಸುಕಬೇಕು, ಒತ್ತಬೇಕು. ಭಾರ ಎತ್ತೋದು ಮಾತ್ರ ಬೇಡ" ಎಂದರು.

ಅಣ್ಣ, ಅತ್ತಿಗೆ ಔಷಧಿ ತರಲು ಹೋದರು. ನಾವಿಬ್ಬರೇ ಬೆಂಚಿನ ಮೇಲೆ ಕೂತಿದ್ದೆವು. ಬೆಳಿಗ್ಗೆ ಮಾಡಿದ ಹಕ್ಕಳೆಯನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಬಿಚ್ಚಿ ಅವಳ ಮಡಿಲಲ್ಲಿಟ್ಟೆ. ಅಮ್ಮ ನೋಡಿದಳು. ಮೂಸಿದಳು. ಮುರಿದು ಬಾಯಿಗಿಟ್ಟಳು. ಕಟುಂ ಎಂದ ಸದ್ದಿಗೆ ಎದುರು ಬೆಂಚಿನವರು ತಲೆಯೆತ್ತಿದರು.

"ಏನತ್ತೇ ಅದು ಸದ್ದು?" ಅತ್ತಿಗೆ ಅಷ್ಟರಲ್ಲಿ ಬಂದುಬಿಟ್ಟಿದ್ದರು.

"ನನ್ನ ಹಲ್ಲು" ಎಂದಳು ಅಮ್ಮ, ಕಾಗದವನ್ನು ಸೆರಗಿನ ಕೆಳಗೆ ತಳ್ಳುತ್ತಾ.

"ಚೆನ್ನಾಯ್ತು. ಈಗ ಅದಕ್ಕೂ ಆರು ವಾರ ಪ್ಲಾಸ್ಟರ್ ಹಾಕಿಸೋಣ" ಎಂದು ಅತ್ತಿಗೆ ಬಿಲ್ಲಿನ ಸಾಲಿನ ಕಡೆ ನಡೆದರು.

ಅಮ್ಮ ನನ್ನ ಕಡೆ ಬಾಗಿದಳು. "ಕರೆಂಟ್ ಡಬ್ಬಿಯಲ್ಲಿ ಇದು ಹೇಗೆ ಬಂತೇ?"

"ಎರಡು ಸಲ ಒತ್ತಿದೆ."

"ಒತ್ತಬಾರದು ಅಂತ ಊರಿಗೆಲ್ಲ ನೀನೇ ಹೇಳ್ತೀಯಲ್ಲ?"

"ಹೇಳ್ತೀನಿ."

ಇನ್ನೊಂದು ಚೂರು ಅಗಿದಳು. ಕಣ್ಣು ಮುಚ್ಚಿಕೊಂಡಿದ್ದಳು. "ಸ್ವಲ್ಪ ಬೇಗ ತೆಗೆದಿದ್ದೀಯ. ಇನ್ನೂ ಒಂದು ಘಳಿಗೆ ಬಿಡಬೇಕಿತ್ತು. ನಡುವೆ ಬಣ್ಣ ಸಾಲದು."

ಚೆನ್ನಾಗಿದೆ ಎನ್ನಲಿಲ್ಲ! ಅಡುಗೆಯವಳು ಅಡುಗೆಯವಳ ಹತ್ತಿರ ತೆಗೆಯುವ ತಕರಾರು ಅದು. ಬಸ್ಸಿನಲ್ಲಿ ಬರುವಾಗ ಅದನ್ನೇ ಮತ್ತೆ ಮತ್ತೆ ನೆನೆಸಿಕೊಂಡೆ. ನಡುವೆ ಬಣ್ಣ ಸಾಲದು.

ಹೊರಡುವಾಗ ಕಾರಿನ ಹತ್ತಿರ ಅಮ್ಮ ಅತ್ತಿಗೆಯನ್ನು ಕೇಳುತ್ತಿದ್ದಳು, "ಅವತ್ತು ಆಸ್ಪತ್ರೆಯಿಂದ ಬರುವಾಗ ತಂದ ನನ್ನ ಬಟ್ಟೆ ಚೀಲ ಎಲ್ಲಿಟ್ಟಿದ್ದೀಯಮ್ಮಾ?"

ಜುಲೈ 2, ಗುರುವಾರ

ರಜೆಯಾದರೂ ಅಂಗಡಿಗೆ ಹೋಗಿದ್ದೆ. ಇನ್ನೊಂದು ಅಳತೆಯ ಕಪ್ಪು ಬೇಕಿತ್ತು, ಒಂದು ಒಡೆದರೆ ಇರಲಿ ಎಂದು. ರೇಡಿಯೋ ಕೇಳಿದಳು, "ಹೊಸ ಜೋಡಿ ಹೇಗಿದ್ದಾರೆ ಅಕ್ಕಾ?"

"ಜೋಡಿ ಇಲ್ಲ. ಕುಕ್ಕರ್ ನಮ್ಮನೆಗೇ ಒಯ್ದದ್ದು. ನನಗೆ ಅನ್ನ ಮಾಡೋಕೆ ಬರ್ತಿರಲಿಲ್ಲ. ಈಗ ಬರುತ್ತೆ" ಎಂದುಬಿಟ್ಟೆ. ಹಿಂದೆ ಇಬ್ಬರು ಗಿರಾಕಿಗಳಿದ್ದರು.

ಅವಳು ನೋಟು ಎಣಿಸುವುದನ್ನು ನಿಲ್ಲಿಸಲೂ ಇಲ್ಲ. "ಗೊತ್ತು ಬಿಡಿ ಅಕ್ಕಾ. ಗಿಫ್ಟ್ ಕೊಡೋರು ಡಬ್ಬಿ ಮೇಲಿನ ಬೆಲೆ ಚೀಟಿ ಕೀಳಿಸ್ತಾರೆ. ನೀವು ಹೇಳಲೇ ಇಲ್ಲ."

"ಮತ್ತೆ ಯಾರಿಗೂ ಹೇಳಲಿಲ್ಲವಲ್ಲ ನೀನು?"

"ನಾನೇನು ರೇಡಿಯೋನಾ?" ಎಂದಳು. ಆ ಹೆಸರು ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ.

ಜುಲೈ 4, ಶನಿವಾರ

ಬೆಳಿಗ್ಗೆ ಅಣ್ಣ ಫೋನ್ ಮಾಡಿದ್ದ. ಸೋಮವಾರ ಮನೆ ಯಜಮಾನರಿಗೆ ಖಾಲಿ ಮಾಡುತ್ತೇವೆಂದು ಹೇಳಿಬಿಡುತ್ತಾನಂತೆ. "ಅಮ್ಮನ್ನ ಕೇಳಿದೆ ಕಣೆ. ಎಲ್ಲಿದ್ರೂ ಒಂದೇ ಅಂದಳಲ್ಲ ಅವತ್ತು, ಅದೇ ಅಂತೆ" ಎಂದ. ಅವತ್ತು ಅಂದದ್ದು ಹೌದು. ಹಕ್ಕಳೆ ತಿಂದ ಮೇಲೆ ಕೇಳಿದೆಯಾ ಎಂದು ನಾನು ಕೇಳಲಿಲ್ಲ. ಅಣ್ಣನಿಗೆ ಹಕ್ಕಳೆಯ ವಿಷಯ ಗೊತ್ತಿಲ್ಲ. ಗೊತ್ತಾದರೆ ಅವನೂ ಪಾಲಿಗೆ ಬರುತ್ತಾನೆ.

ಮಧ್ಯಾಹ್ನ ಅಮ್ಮನಿಗೇ ಫೋನ್ ಮಾಡಿದೆ. ಒಂದೇ ಪ್ರಶ್ನೆ ಕೇಳಿದೆ. "ಚೀಲ ಸಿಕ್ಕಿತಾ?"

"ಸಿಕ್ಕಿತು. ಸ್ವೆಟರ್ ಒಂದು ಅದಕ್ಕೆ ಹಾಕೋದಿದೆ" ಎಂದಳು.

ಇಷ್ಟು ದಿನ ಅಣ್ಣ ಹೇಳುತ್ತಿದ್ದ, ನಾನು ಕೇಳುತ್ತಿದ್ದೆ. ನಾಳೆ ರಜೆ ಹಾಕಿದ್ದೇನೆ, ಅವನ ಮನೆಗೆ ಹೋಗಿ ನಾನು ಹೇಳುತ್ತೇನೆ: "ಆ ಮನೆ ಬಿಡಲ್ಲ. ಅಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದ್ದೀನಿ." ಅತ್ತಿಗೆ ನನ್ನ ಪಕ್ಷವೇ, ಬಾಯಿಮಾತಿಗೆ ಮಾತ್ರ, "ದಿನಾ ಯಾರು ಮಾಡಿ ಹಾಕ್ತಾರೆ?" ಎಂದು ಕೇಳದೆ ಇರುವುದಿಲ್ಲ. ಅದಕ್ಕೆ ಉತ್ತರ ಒಂದೇ ಪದ: "ನಾನು." ಅನ್ನದ ಬಗ್ಗೆ ದಿನವಿಡೀ ಮಾತಾಡುವವಳು ನಾನು. ಈ ಪದ ಮಾತ್ರ ಇಲ್ಲಿಯವರೆಗೆ ಹೇಳಿರಲಿಲ್ಲ. ಕನ್ನಡಿಯ ಮುಂದೆ ಹೇಳಿ ನೋಡಿದೆ. ಚೆನ್ನಾಗಿ ಕೇಳುತ್ತದೆ.

ಹೊರಡುವ ಮೊದಲು ಎರಡು ಕಪ್ಪು ಅಕ್ಕಿ ತೊಳೆದು, ಎರಡರ ಗೆರೆಗೆ ನೀರು ಹಾಕಿ ಇಟ್ಟು ಹೋಗುತ್ತೇನೆ. ಬಂದ ಮೇಲೆ ಗುಂಡಿ ಒತ್ತುವುದು ನಾನು. ಟಕ್ ಎಂದು, ಪಾತ್ರೆ ಆರಿದ ಮೇಲೆ ಎರಡನೆಯ ಸಲ ಒತ್ತುವುದು ಅಮ್ಮನ ಕೆಲಸ. ಆ ಗುಂಡಿ ತೀರ ಹಗುರ. ಬಲಗೈ ಹೆಬ್ಬೆರಳೇ ಸಾಕು.